ಕೇನ್‌ಹರ್ಸ್ಟ್ ಕೋಟೆಯ ಶಾಪ: ಅಭಿಮಾನಿ ವ್ಯಾಖ್ಯಾನಗಳ ಒಂದು ಪರಿಶೀಲನೆ

೧. ಪ್ರವೇಶ

ಶಾಪಗ್ರಸ್ತವಾದ ಕೋಟೆ ಮಧ್ಯಯುಗದ ಯುರೋಪಿನ ಕಥನಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಆಶಯ. ಹನ್ನೆರಡನೆಯ ಶತಮಾನದ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರುವಾ ತನ್ನ ‘ಪರ್ಸೆವಾಲ್’ ಕಾವ್ಯದಲ್ಲಿ ಗಾಯಗೊಂಡ ರಾಜನೊಬ್ಬನ ಕೋಟೆಯನ್ನು ವರ್ಣಿಸಿದ್ದಾನೆ. ನಾಯಕನು ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳುವುದಿಲ್ಲ. ಬೆಳಗಾಗುವಷ್ಟರಲ್ಲಿ ಕೋಟೆ ನಿರ್ಜನವಾಗಿರುತ್ತದೆ. ರಾಜನ ಗಾಯ ಮಾಯುವುದಿಲ್ಲ. ಕವಿ ಈ ಕಾವ್ಯವನ್ನು ಪೂರ್ಣಗೊಳಿಸಲಿಲ್ಲ. ಆತನು ಬಿಟ್ಟುಹೋದ ತೆರಪನ್ನು ತುಂಬಲು ಅನಂತರದ ಕವಿಗಳು ನಾಲ್ಕು ಮುಂದುವರಿಕೆಗಳನ್ನು ರಚಿಸಿದರು. ಕೃತಿಯ ಮೌನವು ಓದುಗರನ್ನೇ ಕರ್ತೃಗಳನ್ನಾಗಿ ಮಾಡಿದ ಪ್ರಸಂಗವಿದು.

ಇಂತಹ ಪ್ರಸಂಗವೊಂದು ನಮ್ಮ ಕಾಲದಲ್ಲಿ ಸಾಹಿತ್ಯದ ಹೊರಗೆ, ವಿಡಿಯೋ ಗೇಮ್ ಎಂದು ಕರೆಯಲ್ಪಡುವ ಮಾಧ್ಯಮದಲ್ಲಿ ನಡೆದಿದೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯು ಸಿದ್ಧಪಡಿಸಿ, ೨೦೧೫ರ ಮಾರ್ಚ್ ತಿಂಗಳಲ್ಲಿ ಪ್ಲೇಸ್ಟೇಷನ್ ೪ ಯಂತ್ರಕ್ಕಾಗಿ ಬಿಡುಗಡೆಯಾದ ‘ಬ್ಲಡ್‌ಬೋರ್ನ್’ ಎಂಬ ಆಟದಲ್ಲಿ ಕೇನ್‌ಹರ್ಸ್ಟ್ ಎಂಬ ಕೋಟೆಯೊಂದು ಬರುತ್ತದೆ. ಆಟವನ್ನು ಮುಗಿಸಲು ಆ ಕೋಟೆಗೆ ಹೋಗಲೇಬೇಕೆಂಬ ನಿಯಮವಿಲ್ಲ. ಅನೇಕ ಆಟಗಾರರು ಅದನ್ನು ನೋಡದೆಯೇ ಆಟವನ್ನು ಮುಗಿಸಬಲ್ಲರು. ಆದರೂ ಆ ಆಟದ ಅಭಿಮಾನಿಗಳು ಅತಿ ಹೆಚ್ಚು ಚರ್ಚಿಸಿದ ತಾಣಗಳಲ್ಲಿ ಇದೂ ಒಂದು. ಅದರ ಬಗ್ಗೆ ದೀರ್ಘ ಪ್ರಬಂಧಗಳೂ ದೃಶ್ಯವ್ಯಾಖ್ಯಾನಗಳೂ ಸಿದ್ಧವಾಗಿವೆ. ಅಭಿಮಾನಿಗಳು ಇವನ್ನು ‘ಥಿಯರಿ’ಗಳೆಂದು ಕರೆಯುತ್ತಾರೆ. ನಮ್ಮ ಪರಿಭಾಷೆಯಲ್ಲಿ ಇವನ್ನು ಟೀಕೆಗಳೆಂದು ಕರೆಯುವುದು ಹೆಚ್ಚು ಸರಿಯಾದೀತು.

ಈ ಟೀಕೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ, ಏಕೆ ಎಂಬುದನ್ನು ಗ್ರಂಥಸಂಪಾದನೆ ಮತ್ತು ಆಕರವಿಮರ್ಶೆಯ ಶಿಸ್ತಿನಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕೇನ್‌ಹರ್ಸ್ಟ್ ಶಾಪಗ್ರಸ್ತವೆಂದು ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಕೇಳಿದ ಕೂಡಲೇ ಈ ಟೀಕೆಗಳ ತೂಕ ಬದಲಾಗುತ್ತದೆ ಎಂಬುದು ಇಲ್ಲಿನ ಮುಖ್ಯ ವಾದ.

೨. ಕಥೆಯ ಹಂದರ

ಬ್ಲಡ್‌ಬೋರ್ನ್ ನಡೆಯುವುದು ಯಾರ್ನಮ್ ಎಂಬ ಕಾಲ್ಪನಿಕ ನಗರದಲ್ಲಿ. ಅಲ್ಲಿ ‘ಹೀಲಿಂಗ್ ಚರ್ಚ್’ ಎಂಬ ಧರ್ಮಸಂಸ್ಥೆಯು ಒಂದು ವಿಶೇಷ ರಕ್ತವನ್ನು ರೋಗಿಗಳಿಗೆ ನೀಡಿ ಗುಣಪಡಿಸುತ್ತಿತ್ತು. ಕಾಲಕ್ರಮದಲ್ಲಿ ಅದೇ ರಕ್ತವು ಜನರನ್ನು ಮೃಗಗಳನ್ನಾಗಿ ಮಾರ್ಪಡಿಸತೊಡಗಿತು. ಆ ಮೃಗಗಳನ್ನು ಕೊಲ್ಲುವ ಬೇಟೆಗಾರನ ಪಾತ್ರವನ್ನು ಆಟಗಾರನು ವಹಿಸುತ್ತಾನೆ. ಚರ್ಚಿನ ಮೂಲ ಬರ್ಗನ್‌ವರ್ತ್ ಎಂಬ ಹಳೆಯ ವಿದ್ಯಾಪೀಠದಲ್ಲಿದೆ.

ಆಟದ ಆರಂಭದಲ್ಲಿ ಕಾಣುವ ವೈದ್ಯಶಾಲೆಗೆ ಹಿಂದಿನ ದಾರಿಯಿಂದ ಮರಳಿ ಹೋದರೆ ಅಲ್ಲೊಂದು ಆಹ್ವಾನಪತ್ರಿಕೆ ದೊರೆಯುತ್ತದೆ. ಅದು ಹಳೆಯದು, ರಕ್ತದ ಕಲೆಯುಳ್ಳದ್ದು. ಆದರೂ ವಿಚಿತ್ರವಾಗಿ ಆಟಗಾರನ ಹೆಸರಿಗೇ ಬರೆಯಲ್ಪಟ್ಟಿದೆ. ಅದನ್ನು ಹಿಡಿದು ಹೆಮ್ವಿಕ್ ಎಂಬ ಊರಿನ ಬಳಿಯ ಕಂಬದ ಹತ್ತಿರ ನಿಂತರೆ ಕುದುರೆ ಸಾರೋಟೊಂದು ಬಂದು ನಿಲ್ಲುತ್ತದೆ. ಸಾರೋಟು ಹಿಮ ಮುಚ್ಚಿದ ಕೋಟೆಯ ಬಾಗಿಲಿಗೆ ತಲುಪಿಸುತ್ತದೆ. ಇಳಿದು ಹಿಂದಿರುಗಿ ನೋಡಿದರೆ ಕುದುರೆಗಳು ಹಿಮದಲ್ಲಿ ಸತ್ತು ಬಿದ್ದಿವೆ.

ಕೋಟೆಯೊಳಗೆ ನೆಲದ ರಕ್ತವನ್ನು ಉಜ್ಜುತ್ತಿರುವ ಸೇವಕರು, ಕೈಗಳನ್ನು ಕಟ್ಟಿಸಿಕೊಂಡ ಸ್ತ್ರೀಪ್ರೇತಗಳು, ವಿಶಾಲವಾದ ಗ್ರಂಥಭಂಡಾರ, ಸಾಲುಸಾಲು ಪ್ರತಿಮೆಗಳು ಇವೆ. ಮಾಳಿಗೆಯ ತುದಿಯಲ್ಲಿ ಲೊಗೇರಿಯಸ್ ಎಂಬ ಒಣಗಿದ ವೃದ್ಧನು ಕಿರೀಟ ಧರಿಸಿ ಸಿಂಹಾಸನದ ಮೇಲೆ ಕುಳಿತಿದ್ದಾನೆ. ಚರ್ಚಿನ ಪರವಾಗಿ ‘ಎಕ್ಸಿಕ್ಯೂಷನರ್ಸ್’ ಎಂಬ ವಧಕರ ಪಡೆಯನ್ನು ಕಟ್ಟಿಕೊಂಡು ಈ ಕೋಟೆಯವರನ್ನು ನಿರ್ಮೂಲಗೊಳಿಸಲು ಬಂದವನು ಇವನೇ. ಅವನನ್ನು ಸೋಲಿಸಿ ಆ ಕಿರೀಟವನ್ನು ತಲೆಗೇರಿಸಿಕೊಂಡರೆ, ಅಲ್ಲಿಯತನಕ ಕಾಣದಿದ್ದ ದಾರಿಯೊಂದು ತೆರೆದುಕೊಳ್ಳುತ್ತದೆ. ಅದರ ಕೊನೆಗೆ ಸಾವಿಲ್ಲದ ರಾಣಿ ಅನ್ನಲೀಸ್ ಕಬ್ಬಿಣದ ಮುಖವಾಡ ಧರಿಸಿ ಏಕಾಂಗಿಯಾಗಿ ಕುಳಿತಿದ್ದಾಳೆ. ಆಟಗಾರನು ಅವಳಿಗೆ ಮಂಡಿಯೂರಿ, ಅವಳ ರಕ್ತವನ್ನು ಸ್ವೀಕರಿಸಿ, ಅವಳ ಕುಲಕ್ಕೆ ಸೇರಬಹುದು. ಕಥೆಯ ಹಂದರ ಇಷ್ಟೇ. ಉಳಿದುದೆಲ್ಲ ಊಹೆ.

೩. ಆಕರಗಳ ಸ್ವರೂಪ

ಈ ಆಟದ ನಿರ್ದೇಶಕ ಹಿದೆತಾಕಾ ಮಿಯಾಝಾಕಿ. ಬಾಲ್ಯದಲ್ಲಿ ಗ್ರಂಥಾಲಯದಿಂದ ತಂದ ಪುಸ್ತಕಗಳಲ್ಲಿ ತನಗೆ ಅರ್ಥವಾಗದೆ ಉಳಿದ ಭಾಗಗಳನ್ನು ಚಿತ್ರಗಳ ನೆರವಿನಿಂದಲೂ ಸ್ವಂತ ಕಲ್ಪನೆಯಿಂದಲೂ ತುಂಬಿಕೊಳ್ಳುತ್ತಿದ್ದುದಾಗಿ ಅವರು ೨೦೧೫ರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಅವರ ಆಟಗಳ ಕಥನಕ್ರಮಕ್ಕೆ ಈ ಮಾತು ಕೀಲಿಕೈಯಂತಿದೆ. ಇಲ್ಲಿ ನಿರೂಪಕನು ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳುವುದಿಲ್ಲ. ಕಥೆ ಚೂರುಚೂರಾಗಿ ಚೆಲ್ಲಿಹೋಗಿದೆ. ಜರ್ಮನ್ ವಿಮರ್ಶಕ ವುಲ್ಫ್‌ಗಾಂಗ್ ಈಸರ್ ೧೯೭೬ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ‘ತೆರಪು’ಗಳ ಕಲ್ಪನೆ, ಅಂದರೆ ಓದುಗನು ತುಂಬಬೇಕಾದ ಖಾಲಿ ಜಾಗಗಳ ಕಲ್ಪನೆ, ಇಲ್ಲಿ ರಚನಾತತ್ತ್ವವೇ ಆಗಿದೆ.

ಹೀಗೆ ಚೆಲ್ಲಿಹೋದ ಚೂರುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು, ಪಾತ್ರಗಳ ಮಾತು. ಎರಡನೆಯದು, ಆಯುಧ, ಉಡುಪು, ಲಾಂಛನಗಳಿಗೆ ಅಂಟಿಕೊಂಡಿರುವ ಎರಡು ಮೂರು ವಾಕ್ಯಗಳ ವಸ್ತುವಿವರಣೆ. ಮೂರನೆಯದು, ಸ್ಥಳವೇ ನುಡಿಯುವ ಸಾಕ್ಷ್ಯ; ಅಂದರೆ ಶವ ಬಿದ್ದ ಭಂಗಿ, ಕಟ್ಟಡದ ವಿನ್ಯಾಸ, ವಸ್ತು ದೊರೆತ ಜಾಗ. ನಾಲ್ಕನೆಯದು, ಹೆಸರುಗಳು. ಶಾಸನ, ಕಾವ್ಯ, ಸ್ಮಾರಕ ಮತ್ತು ಸ್ಥಳನಾಮಗಳನ್ನು ಒಟ್ಟಿಗೆ ಇಟ್ಟುಕೊಂಡು ಕೆಲಸಮಾಡುವ ಮಧ್ಯಯುಗದ ಅಧ್ಯೇತೃವಿಗೆ ಈ ವಿಂಗಡಣೆ ಹೊಸದೇನಲ್ಲ. ಈ ನಾಲ್ಕೂ ಸಮಾನ ತೂಕದ ಸಾಕ್ಷ್ಯಗಳಲ್ಲವೆಂಬುದೂ ಆತನಿಗೆ ತಿಳಿದ ವಿಷಯ. ಅಭಿಮಾನಿ ವ್ಯಾಖ್ಯಾನಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಅವು ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತವೆ.

೪. ಪ್ರಮುಖ ವ್ಯಾಖ್ಯಾನಗಳು

ಅ) ಆಹ್ವಾನ ಮತ್ತು ಸಾರೋಟು. ಸತ್ತ ಕುದುರೆಗಳು ಸಾರೋಟನ್ನು ಎಳೆದುದು ಹೇಗೆ? ಕೋಟೆಯು ಬೇರೊಂದು ಕಾಲದಲ್ಲಿ ನಿಂತುಹೋಗಿದೆ, ಅಲ್ಲಿ ಕಾಲ ಚಲಿಸುವುದಿಲ್ಲ ಎಂಬುದು ಒಂದು ವಾದ. ಸಾರೋಟೇ ಪ್ರೇತವೆಂಬುದು ಇನ್ನೊಂದು. ದಾರಿಯ ಚಳಿಗೆ ಕುದುರೆಗಳು ಸತ್ತವೆಂಬ ಸರಳವಾದ ವಾದವೂ ಇದೆ. ಈ ಮೂರರಲ್ಲಿ ಒಂದನ್ನು ಆಯ್ದುಕೊಳ್ಳಲು ಆಟವು ಆಧಾರವನ್ನು ಒದಗಿಸುವುದಿಲ್ಲ. ಆದರೆ ಆಹ್ವಾನವನ್ನು ಕಳುಹಿಸಿದವರಾರು ಎಂಬ ಪ್ರಶ್ನೆಗೆ ಒಂದು ಗಟ್ಟಿ ಸುಳಿವಿದೆ. ಇನ್ನೂ ತೆರೆಯದ ಇಂತಹುದೇ ಆಹ್ವಾನಪತ್ರಿಕೆಯೊಂದು ರಾಣಿಯ ಕೊಠಡಿಯಲ್ಲಿಯೇ ದೊರೆಯುತ್ತದೆ. ಆದ್ದರಿಂದ ಕರೆ ರಾಣಿಯ ಕಡೆಯಿಂದ ಹೊರಟಿರಬೇಕೆಂಬ ವ್ಯಾಖ್ಯಾನವು ಸ್ಥಳಸಾಕ್ಷ್ಯದಿಂದ ಬೆಂಬಲಿತವಾದುದು. ಬಂದಿಯಾಗಿರುವ ರಾಣಿಯ ಪತ್ರ ಹೊರಗೆ ಬಂದುದು ಹೇಗೆಂಬುದು ಮಾತ್ರ ತೆರಪಾಗಿಯೇ ಉಳಿಯುತ್ತದೆ. ಅಪರಿಚಿತ ಸಾರೋಟಿನಲ್ಲಿ ರಕ್ತಪಾಯಿಗಳ ಕೋಟೆಗೆ ಪ್ರಯಾಣ ಮಾಡುವ ಪ್ರಸಂಗವು ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (೧೮೯೭) ಕಾದಂಬರಿಯ ಆರಂಭವನ್ನು ನೆನಪಿಸುತ್ತದೆ ಎಂಬ ಮಾತು ನಿರ್ವಿವಾದ.

ಆ) ಹೆಸರು. ಕೇನ್‌ಹರ್ಸ್ಟ್ ಎಂಬುದರ ಪೂರ್ವಪದ ಬೈಬಲ್ಲಿನ ಕೇನ್ ಎಂಬವನನ್ನು ಸೂಚಿಸುತ್ತದೆ ಎಂದು ಬಹುತೇಕ ವ್ಯಾಖ್ಯಾನಕಾರರು ಒಪ್ಪುತ್ತಾರೆ. ಉತ್ತರಪದವು ಮರಗಳಿಂದ ಕೂಡಿದ ಗುಡ್ಡ ಎಂಬರ್ಥದ ಹಳೆಯ ಇಂಗ್ಲಿಷ್ ಶಬ್ದ. ಇಂಗ್ಲೆಂಡಿನ ಸ್ಥಳನಾಮಗಳಲ್ಲಿ ಇಂದಿಗೂ ಉಳಿದಿದೆ. ತಮ್ಮನನ್ನು ಕೊಂದು ಶಾಪಕ್ಕೆ ಗುರಿಯಾದವನು ಕೇನ್. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯವು ಗ್ರೆಂಡೆಲ್ ಎಂಬ ರಾಕ್ಷಸನನ್ನು ಕೇನ್‌ನ ಸಂತತಿಯವನೆಂದೇ ಹೇಳುತ್ತದೆ. ಒಬ್ಬನ ಪಾಪ ರಕ್ತದ ಮೂಲಕ ಇಡೀ ಕುಲಕ್ಕೆ ಹರಿಯುತ್ತದೆಂಬ ನಂಬಿಕೆಗೆ ಈ ಹೆಸರು ಚೆನ್ನಾಗಿ ಹೊಂದುತ್ತದೆ. ಆದರೆ ಕೆಲವರು ಇಷ್ಟಕ್ಕೇ ನಿಲ್ಲದೆ, ಕೋಟೆಯ ಸ್ಥಾಪಕನು ತನ್ನ ತಮ್ಮನನ್ನು ಕೊಂದಿರಬೇಕೆಂದು ಕಥೆ ಕಟ್ಟುತ್ತಾರೆ. ಹೆಸರೊಂದರಿಂದ ಘಟನೆಯನ್ನು ಹುಟ್ಟಿಸುವ ಇಂತಹ ಕ್ರಮ ನಮ್ಮ ಸ್ಥಳಪುರಾಣಗಳಲ್ಲಿ ಹೇರಳವಾಗಿದೆ. ಅದು ಹೊಸ ಪುರಾಣವನ್ನು ಕೊಡುತ್ತದೆಯೇ ಹೊರತು ಹಳೆಯ ಕೃತಿಯ ಅರ್ಥವನ್ನು ಕೊಡುವುದಿಲ್ಲ.

ಇ) ರಾಣಿಯ ಮೂಲಮಾದರಿ. ಅನ್ನಲೀಸ್ ರಾಣಿಗೆ ಹಂಗೇರಿಯ ಎಲಿಜಬೆತ್ ಬಾಥೊರಿ (೧೫೬೦-೧೬೧೪) ಮಾದರಿಯೆಂಬುದು ಜನಪ್ರಿಯವಾದ ವಾದ. ಇಂದಿನ ಸ್ಲೊವಾಕಿಯಾದಲ್ಲಿರುವ ಚಾಖ್ತಿತ್ಸೆ ಕೋಟೆಯ ಒಡತಿಯಾಗಿದ್ದ ಈಕೆಯನ್ನು ತರುಣಿಯರ ಹತ್ಯೆಯ ಆರೋಪದ ಮೇಲೆ ೧೬೧೦ರ ಡಿಸೆಂಬರಿನಲ್ಲಿ ಬಂಧಿಸಲಾಯಿತು. ೧೬೧೧ರಲ್ಲಿ ಆಕೆಯ ಸೇವಕರಿಗೆ ಮರಣದಂಡನೆಯಾಯಿತು. ಆಕೆ ವಿಚಾರಣೆಯಿಲ್ಲದೆಯೇ ಸೆರೆಯಲ್ಲಿ ತೀರಿಕೊಂಡಳು. ಯೌವನವನ್ನು ಉಳಿಸಿಕೊಳ್ಳಲು ಆಕೆ ರಕ್ತಸ್ನಾನ ಮಾಡುತ್ತಿದ್ದಳೆಂಬ ಕಥೆ ಮೊದಲು ಅಚ್ಚಾದುದು ೧೭೨೯ರಲ್ಲಿ, ಅಂದರೆ ಆಕೆ ಸತ್ತ ನೂರಕ್ಕೂ ಹೆಚ್ಚು ವರ್ಷಗಳ ಅನಂತರ. ೧೮೧೭ರಲ್ಲಿ ಪ್ರಕಟವಾದ ಸಾಕ್ಷಿಗಳ ಹೇಳಿಕೆಗಳಲ್ಲಿ ರಕ್ತಸ್ನಾನದ ಮಾತಿಲ್ಲ. ಹೀಗಾಗಿ ಅಭಿಮಾನಿಗಳು ಹೋಲಿಕೆಗೆ ತೆಗೆದುಕೊಳ್ಳುವ ‘ಬಾಥೊರಿ’ ಬಹುಮಟ್ಟಿಗೆ ಹದಿನೆಂಟನೆಯ ಶತಮಾನದ ಪ್ರಕ್ಷೇಪ. ಹೋಲಿಕೆ ಇದೆ, ಆದರೆ ಅದು ಅವರು ಎಣಿಸಿದ ಕಡೆ ಇಲ್ಲ. ಎರಡು ಕಡೆಯೂ ಕೋಟೆಯೊಡತಿಯ ಚಿತ್ರವನ್ನು ನಮಗೆ ದಾಟಿಸಿದವರು ಆಕೆಯ ಮೇಲೆ ಆರೋಪ ಹೊರಿಸಿದವರೇ. ನಿಜವಾದ ಸಾಮ್ಯ ಇದು.

ಈ) ಲೊಗೇರಿಯಸ್. ನಾಶಮಾಡಲು ಬಂದವನು ಅದೇ ಕೋಟೆಯ ಕಿರೀಟವನ್ನು ಧರಿಸಿ ಕುಳಿತದ್ದು ಏಕೆ? ಸಾಯದ ರಾಣಿಯನ್ನು ಕೊಲ್ಲಲಾರದೆ, ದಾರಿಯನ್ನು ಮರೆಮಾಡಿ ಕಾವಲುಗಾರನಾದನೆಂಬುದು ಒಂದು ವಾದ. ಕೋಟೆಯ ಮೋಹಕ್ಕೆ ಸಿಕ್ಕಿ ತಾನೇ ಅರಸನಾದನೆಂಬುದು ಎರಡನೆಯದು. ರಾಣಿಯಲ್ಲಿ ಅನುರಕ್ತನಾದನೆಂಬ ಮೂರನೆಯ ವಾದಕ್ಕೆ ಯಾವ ಆಧಾರವೂ ಇಲ್ಲ. ಕಿರೀಟದ ವಸ್ತುವಿವರಣೆಯು ಆತನು ಅದನ್ನು ಸ್ವಇಚ್ಛೆಯಿಂದ, ಕೋಟೆಯ ರಹಸ್ಯ ಇನ್ನೊಬ್ಬರಿಗೆ ಕಾಣದಿರಲೆಂದು ಧರಿಸಿದನೆಂದು ಹೇಳುತ್ತದೆ. ಹೀಗಾಗಿ ಮೊದಲನೆಯ ವಾದಕ್ಕೆ ಬಲ ಹೆಚ್ಚು. ಆದರೆ ಅದೇ ವಿವರಣೆಯು, ಹೊಸ ಸಿಂಹಾಸನದ ಮೇಲೆ ಕುಳಿತು ಆತನು ಏನನ್ನು ಕಂಡನೋ ಎಂಬ ಪ್ರಶ್ನೆಯೊಂದಿಗೆ ಮುಗಿಯುತ್ತದೆ. ನಿರೂಪಕನೇ ತಾನು ತಿಳಿಯೆನೆಂದು ಹೇಳಿದ ಕಡೆ ಟೀಕಾಕಾರನು ತಿಳಿದವನಂತೆ ಬರೆಯುವುದು ಉಚಿತವಲ್ಲ.

೫. ಸಾಕ್ಷಿ ಯಾರು?

ಕೋಟೆಯ ಶಾಪದ ಮೂಲಕಥೆ ಇನ್ನೂ ಉಳಿದಿದೆ. ಬರ್ಗನ್‌ವರ್ತಿನ ವಿದ್ವಾಂಸನೊಬ್ಬ ತನ್ನವರಿಗೆ ದ್ರೋಹ ಬಗೆದು, ನಿಷಿದ್ಧವಾದ ರಕ್ತವನ್ನು ಕೇನ್‌ಹರ್ಸ್ಟ್ ಕೋಟೆಗೆ ಕೊಂಡೊಯ್ದನು. ಅಲ್ಲಿ ಅಮಾನುಷವಾದ ಕುಲವೊಂದು ಹುಟ್ಟಿತು. ಅದು ಚರ್ಚಿನ ರಕ್ತಚಿಕಿತ್ಸೆಯ ಶುದ್ಧಿಗೆ ಕಂಟಕವಾಯಿತು. ಆದ್ದರಿಂದ ಲೊಗೇರಿಯಸ್ ಅವರನ್ನು ಸಂಹರಿಸಿದನು. ಹೆಚ್ಚಿನ ವ್ಯಾಖ್ಯಾನಗಳು ಇದನ್ನು ಸಿದ್ಧವಾದ ಇತಿಹಾಸವೆಂದು ಭಾವಿಸಿ ಮುಂದುವರಿಯುತ್ತವೆ. ಆ ದ್ರೋಹಿ ವಿದ್ವಾಂಸನ ಹೆಸರೇನು, ಆತನು ತಂದ ರಕ್ತ ಯಾರದು ಎಂಬ ಚರ್ಚೆಗಳೆಲ್ಲ ಈ ಅಡಿಪಾಯದ ಮೇಲೆ ನಿಂತಿವೆ.

ಆದರೆ ಈ ಕಥೆಯನ್ನು ಹೇಳುವವನು ಆಲ್ಫ್ರೆಡ್ ಎಂಬ ಒಂದೇ ಪಾತ್ರ. ಆತನು ಲೊಗೇರಿಯಸ್‌ನ ಪರಮ ಭಕ್ತ, ವಧಕರ ಪರಂಪರೆಯವನು. ಆಟಗಾರನು ತೆರೆಯದ ಆಹ್ವಾನವನ್ನು ಅವನಿಗೆ ಒಪ್ಪಿಸಿದರೆ ಅವನು ಕೋಟೆಗೆ ಹೋಗಿ ರಾಣಿಯನ್ನು ಮಾಂಸದ ಮುದ್ದೆಯಾಗುವಂತೆ ಜಜ್ಜಿ, ಉನ್ಮಾದದಿಂದ ನಗುತ್ತಾನೆ. ಆಗಲೂ ರಾಣಿ ಸಾಯುವುದಿಲ್ಲ. ಆ ಮಾಂಸ ಮಿಡಿಯುತ್ತಲೇ ಇರುತ್ತದೆ. ಅನಂತರ ಆಲ್ಫ್ರೆಡ್ ಮೊದಲು ಭೇಟಿಯಾದ ಬಲಿಪೀಠದ ಬಳಿಯೇ ಸತ್ತು ಬಿದ್ದಿರುತ್ತಾನೆ. ಇಂತಹವನ ಮಾತನ್ನು ನಿಷ್ಪಕ್ಷಪಾತ ಸಾಕ್ಷ್ಯವೆಂದು ಸ್ವೀಕರಿಸುವುದು ಹೇಗೆ?

ಇದಕ್ಕೆ ಎದುರಾಗಿ ಇನ್ನೊಂದು ಆಕರವಿದೆ. ಕೇನ್‌ಹರ್ಸ್ಟ್ ವೀರರ ಖಡ್ಗವೊಂದರ ವಸ್ತುವಿವರಣೆಯು, ಅಲ್ಲಿನ ಹಳೆಯ ಕುಲೀನರು ಬಹುಕಾಲದಿಂದ ರಕ್ತಪಾನ ಮಾಡುತ್ತಿದ್ದವರೆಂದೂ, ಅದರಿಂದ ಬರುವ ರೋಗ ಅವರಿಗೆ ಹೊಸದಾಗಿರಲಿಲ್ಲವೆಂದೂ, ಮೃಗಗಳಾದವರನ್ನು ಸದ್ದಿಲ್ಲದೆ ತೀರಿಸುವ ಕೆಲಸವನ್ನು ಸೇವಕರಿಗೆ ಒಪ್ಪಿಸುತ್ತಿದ್ದರೆಂದೂ ಹೇಳುತ್ತದೆ. ಹಾಗಿದ್ದರೆ ರಕ್ತವು ಕೋಟೆಗೆ ಕದ್ದು ತಂದ ವಸ್ತುವಾಗಿರದೆ ಅಲ್ಲಿನ ಹಳೆಯ ಆಚಾರವೇ ಆಗಿತ್ತೆ? ಅಭಿಮಾನಿಗಳಲ್ಲಿ ಸೂಕ್ಷ್ಮಮತಿಗಳಾದವರು ಇದನ್ನು ಗಮನಿಸಿ, ಹಳೆಯ ರಕ್ತಪಾನದ ಒಂದು ಸ್ತರದ ಮೇಲೆ ಬರ್ಗನ್‌ವರ್ತಿನ ರಕ್ತದ ಇನ್ನೊಂದು ಸ್ತರ ಸೇರಿತೆಂದು ಸಮನ್ವಯ ಮಾಡಿದ್ದಾರೆ. ಇದು ಸಾಧ್ಯ. ಆದರೆ ಸಮನ್ವಯಕ್ಕೆ ಮೊದಲು ವಿರೋಧವನ್ನು ವಿರೋಧವಾಗಿಯೇ ದಾಖಲಿಸುವುದು ಸಂಪಾದಕನ ಮೊದಲ ಕರ್ತವ್ಯ.

ಸಾಕ್ಷಿಯ ಪಕ್ಷಪಾತವನ್ನು ಅಳೆಯುವ ಕಷ್ಟ ಕನ್ನಡ ಮಧ್ಯಯುಗದ ಅಧ್ಯಯನಕಾರರಿಗೆ ಚೆನ್ನಾಗಿ ಪರಿಚಿತ. ಕಲಚುರಿ ಬಿಜ್ಜಳನ ಅಂತ್ಯವನ್ನು ವೀರಶೈವ ಪುರಾಣಗಳು ಒಂದು ಬಗೆಯಾಗಿ ನಿರೂಪಿಸುತ್ತವೆ. ಜೈನ ಪರಂಪರೆಯ ‘ಬಿಜ್ಜಳರಾಯ ಚರಿತೆ’ ಬೇರೊಂದು ಬಗೆಯಾಗಿ ನಿರೂಪಿಸುತ್ತದೆ. ೧೧೬೭-೬೮ರ ಸುಮಾರಿಗೆ ಅಧಿಕಾರವು ಮಗ ಸೋವಿದೇವನಿಗೆ ಬಂದುದನ್ನು ಶಾಸನಗಳು ತೋರಿಸುತ್ತವೆ. ಈ ಮೂರನ್ನೂ ಕಲಸಿ ಒಂದು ರೋಚಕ ಕಥೆ ಮಾಡುವುದು ಕಾದಂಬರಿಕಾರನ ಹಕ್ಕು. ಯಾವ ಆಕರ ಯಾರದು, ಯಾವಾಗಿನದು, ಯಾರನ್ನು ಉದ್ದೇಶಿಸಿದ್ದು ಎಂದು ಬಿಡಿಸಿ ತೋರಿಸುವುದು ಸಂಶೋಧಕನ ಕೆಲಸ. ಕೇನ್‌ಹರ್ಸ್ಟಿನ ಬಗ್ಗೆ ಬಂದ ಉತ್ತಮ ವ್ಯಾಖ್ಯಾನಗಳು ಈ ಎರಡನೆಯ ಕೆಲಸವನ್ನು ತಮಗೆ ತಿಳಿಯದೆಯೇ ಮಾಡಿವೆ.

ಹೀಗೆ ಬಿಡಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚರ್ಚೂ ರಕ್ತವನ್ನು ಕೊಡುತ್ತದೆ. ಕೋಟೆಯೂ ರಕ್ತವನ್ನು ಕುಡಿಯುತ್ತದೆ. ಜನರನ್ನು ಮೃಗಗಳನ್ನಾಗಿ ಮಾಡಿ ನಗರವನ್ನು ಹಾಳುಮಾಡಿದ್ದು ಚರ್ಚಿನ ‘ಶುದ್ಧ’ ರಕ್ತ. ಆದರೂ ಶಾಪದ ಹೆಸರು ಹೊತ್ತದ್ದು ಕೋಟೆ. ಕೋಟೆಯ ಕುಲೀನರು ನಿರಪರಾಧಿಗಳೆಂದು ಇದರ ಅರ್ಥವಲ್ಲ. ಬೇಟೆಗಾರರನ್ನು ಕೊಂದು ಅವರ ರಕ್ತದ ಸಾರವನ್ನು ತರುವಂತೆ ರಾಣಿ ತನ್ನವರಿಗೆ ವಿಧಿಸುತ್ತಾಳೆ. ಕೈಕಟ್ಟಿದ ಸ್ತ್ರೀಪ್ರೇತಗಳು ವಧಕರ ಬಲಿಗಳೋ ಕುಲೀನರ ಬಲಿಗಳೋ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಅಪರಾಧ ಎರಡೂ ಕಡೆ ಇದ್ದಾಗ ‘ಶಪ್ತ’ ಎಂಬ ಮುದ್ರೆ ಒಂದೇ ಕಡೆ ಬಿದ್ದುದು ಹೇಗೆಂಬುದೇ ವಿಚಾರಯೋಗ್ಯ.

೬. ಪಾಠಾಂತರ: ‘ಕೆಗಾರೆ’ ಮತ್ತು ಮೈಲಿಗೆ

ಈ ಮುದ್ರೆಯ ಸ್ವರೂಪವನ್ನು ಅರಿಯಲು ಭಾಷೆಯ ಕಡೆ ತಿರುಗಬೇಕು. ಇಂಗ್ಲಿಷ್ ಪಾಠದಲ್ಲಿ ಕೋಟೆಯವರ ಹೆಸರು ‘ವೈಲ್‌ಬ್ಲಡ್ಸ್’, ನೀಚರಕ್ತದವರು ಎಂದರ್ಥ. ರಾಣಿಯೂ ತನ್ನನ್ನು ಆ ಹೆಸರಿನವರ ಒಡತಿಯೆಂದೇ ಪರಿಚಯಿಸಿಕೊಳ್ಳುತ್ತಾಳೆ. ಇದನ್ನು ಆಧರಿಸಿ, ಶತ್ರುಗಳ ಬೈಗುಳನ್ನೇ ಬಿರುದಾಗಿ ಧರಿಸಿದ ಕುಲವಿದು ಎಂಬ ಆಕರ್ಷಕ ವ್ಯಾಖ್ಯಾನವೊಂದು ಹುಟ್ಟಿತು. ಜಪಾನಿ ಪಾಠದಲ್ಲಿ ಇರುವ ಪದ ‘ಕೆತ್ಸುಜೋಕು’. ಅದರ ಅರ್ಥ ರಕ್ತಸಂಬಂಧಿಗಳ ಸಮೂಹ, ಕುಲ ಎಂದಷ್ಟೇ. ಅದರಲ್ಲಿ ನಿಂದೆಯಿಲ್ಲ. ನಿಂದೆ ಬರುವುದು ‘ಕೆಗಾರೆತಾ’ ಎಂಬ ವಿಶೇಷಣ ಅದರ ಹಿಂದೆ ಸೇರಿದಾಗ. ಇಂಗ್ಲಿಷ್ ಅನುವಾದವು ನಾಮವನ್ನೂ ವಿಶೇಷಣವನ್ನೂ ಒಂದೇ ಪದವಾಗಿ ಬೆಸೆದುದರಿಂದ, ಬೈದವರ ಮಾತೂ ಬೈಸಿಕೊಂಡವರ ಮಾತೂ ಒಂದಾಗಿಬಿಟ್ಟಿವೆ. ಬಿರುದಿನ ವ್ಯಾಖ್ಯಾನದ ಬುಡ ಇಲ್ಲಿ ಸಡಿಲವಾಗುತ್ತದೆ.

ರಾಣಿಗೆ ಒಪ್ಪಿಸಬೇಕಾದ, ಬೇಟೆಗಾರರ ರಕ್ತದಿಂದ ತೆಗೆದ ವಸ್ತುವಿಗೂ ಹೀಗೆಯೇ ಆಗಿದೆ. ಇಂಗ್ಲಿಷಿನಲ್ಲಿ ಅದು ‘ಬ್ಲಡ್ ಡ್ರೆಗ್ಸ್’, ಅಂದರೆ ರಕ್ತದ ಗಸಿ, ತಳದ ಮಡ್ಡಿ. ಜಪಾನಿಯಲ್ಲಿ ‘ಚಿ ನೊ ಕೆಗಾರೆ’. ಕೆಗಾರೆಯೆಂದರೆ ಕೊಳೆಯಲ್ಲ, ಗಸಿಯೂ ಅಲ್ಲ. ಶಿಂಟೋ ಸಂಪ್ರದಾಯದಲ್ಲಿ ಸಾವು, ಹೆರಿಗೆ, ಮುಟ್ಟು ಮೊದಲಾದವುಗಳಿಂದ ತಗಲುವ ಆಚಾರದ ಅಶುದ್ಧಿ ಅದು. ಇಂಗ್ಲಿಷಿನಲ್ಲಿ ಇದಕ್ಕೆ ನೇರವಾದ ಪದವಿಲ್ಲ. ಕನ್ನಡದಲ್ಲಿದೆ: ಮೈಲಿಗೆ. ‘ರಕ್ತದ ಗಸಿ’ ಎಂದು ಓದುವವನಿಗೆ ಅದು ಕೇವಲ ಜುಗುಪ್ಸೆಯ ವಸ್ತು. ‘ರಕ್ತದ ಮೈಲಿಗೆ’ ಎಂದು ಓದುವವನಿಗೆ ಇಡೀ ಪ್ರಸಂಗ ಬೇರೆಯಾಗಿ ಕಾಣುತ್ತದೆ. ಏಕೆಂದರೆ ರಾಣಿ ಈ ಮೈಲಿಗೆಯನ್ನು ಸೇವಿಸುವುದು ಕುಲದ ಉತ್ತರಾಧಿಕಾರಿಯಾದ ಶಿಶುವನ್ನು ಹೆರುವುದಕ್ಕಾಗಿ. ಹುಟ್ಟನ್ನೇ ಸೂತಕವೆಂದು ಎಣಿಸುವ ಆಚಾರದ ಎದುರಿಗೆ, ಮೈಲಿಗೆಯಿಂದಲೇ ಹುಟ್ಟನ್ನು ಬಯಸುವ ಹೆಣ್ಣೊಬ್ಬಳನ್ನು ಈ ಆಟ ಕೂರಿಸಿದೆ.

ಇಲ್ಲಿ ಜಪಾನಿನ ಸಾಮಾಜಿಕ ಚರಿತ್ರೆಯನ್ನೂ ನೆನೆಯಬೇಕು. ಚರ್ಮದ ಕೆಲಸ, ಪ್ರಾಣಿವಧೆ, ಅಪರಾಧಿಗಳ ಮರಣದಂಡನೆಗೆ ಸಂಬಂಧಿಸಿದ ಕೆಲಸ ಮಾಡುತ್ತಿದ್ದವರನ್ನು ಕೆಗಾರೆಯ ಕಾರಣ ಹೇಳಿ ಅಲ್ಲಿ ಹೊರಗಿಡಲಾಗಿತ್ತು. ೧೮೭೧ರಲ್ಲಿ ಆ ಶ್ರೇಣಿಯನ್ನು ಕಾನೂನಿನಿಂದ ರದ್ದುಪಡಿಸಿದರೂ, ಬುರಾಕು ಸಮುದಾಯಗಳೆಂದು ಕರೆಯಲ್ಪಡುವ ಅವರ ಸಂತತಿಯವರ ಮೇಲಿನ ತಾರತಮ್ಯ ಬಹುಕಾಲ ಉಳಿಯಿತು. ಆಟದಲ್ಲಿ ವಧಕರೇ ಶುದ್ಧರೆಂದು ಮೆರೆಯುತ್ತಾರೆ, ಕುಲೀನರೇ ಮೈಲಿಗೆಯವರಾಗುತ್ತಾರೆ. ಚರಿತ್ರೆಯ ಶ್ರೇಣಿ ಇಲ್ಲಿ ತಲೆಕೆಳಗಾಗಿದೆ. ಇದನ್ನು ನಿರ್ದೇಶಕನ ಘೋಷಿತ ಉದ್ದೇಶವೆಂದು ಹೇಳಲು ಆಧಾರವಿಲ್ಲ. ಪದಗಳ ಬಳಕೆಯಲ್ಲಿ ಕಾಣುವ ವಿನ್ಯಾಸವೆಂದು ಮಾತ್ರ ಹೇಳಬಹುದು.

ಮೈಲಿಗೆಯ ಕಥೆ ನಮಗೆ ದೂರದ ಕಥೆಯಲ್ಲ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದ ಶರಣರ ಭಾಷೆಯಲ್ಲಿ ನಾವು ಓದುತ್ತೇವೆ. ಒಂದು ಕುಲದ ರಕ್ತವೇ ಕೆಟ್ಟದ್ದೆಂದು ಸಾರುವ ಕಥೆಯನ್ನು, ಸಾರಿದವನ ಹೆಸರನ್ನು ಕೇಳದೆ ‘ಇತಿಹಾಸ’ವೆಂದು ಸ್ವೀಕರಿಸುವ ವ್ಯಾಖ್ಯಾನಗಳು ನಿರಪಾಯಕರವಾದ ವಿನೋದವಲ್ಲ. ಕಾಲ್ಪನಿಕ ಕೋಟೆಯ ಬಗ್ಗೆ ಬೆಳೆಸಿಕೊಂಡ ಓದಿನ ಅಭ್ಯಾಸವೇ ನಿಜವಾದ ಸಮುದಾಯಗಳ ಬಗೆಗಿನ ಓದಿಗೂ ಹೋಗುತ್ತದೆ.

೭. ಅನಂತರದ ಸೇರ್ಪಡೆ

೨೦೧೫ರ ನವೆಂಬರಿನಲ್ಲಿ ‘ದಿ ಓಲ್ಡ್ ಹಂಟರ್ಸ್’ ಎಂಬ ಅನುಬಂಧ ಭಾಗ ಪ್ರಕಟವಾಯಿತು. ಅದರಲ್ಲಿ ಮರಿಯಾ ಎಂಬ ಬೇಟೆಗಾರ್ತಿ ಬರುತ್ತಾಳೆ. ಆಕೆ ಸಾವಿಲ್ಲದ ರಾಣಿಯ ದೂರದ ಬಂಧುವೆಂದು ವಸ್ತುವಿವರಣೆ ತಿಳಿಸುತ್ತದೆ. ಕುಲದವರು ಬಳಸುವ ರಕ್ತದ ಆಯುಧಗಳನ್ನು ಆಕೆ ಇಷ್ಟಪಡುತ್ತಿರಲಿಲ್ಲವೆಂದೂ ತಿಳಿಯುತ್ತದೆ. ಅಷ್ಟೇ ಅಲ್ಲದೆ, ತಾನು ಭಾಗಿಯಾದ ಕ್ರೌರ್ಯಕ್ಕೆ ನೊಂದು ಪ್ರಿಯವಾದ ಆಯುಧವನ್ನು ಬಾವಿಗೆ ಎಸೆದವಳೂ ಆಕೆಯೇ. ಕೇನ್‌ಹರ್ಸ್ಟಿನ ರಕ್ತವು ಹುಟ್ಟಿನಿಂದಲೇ ಕೆಟ್ಟದ್ದೆಂಬ ಆಲ್ಫ್ರೆಡ್‌ನ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಪ್ರತ್ಯುತ್ತರ ಬೇರೆ ಬೇಕಿಲ್ಲ. ಮಾರ್ಚಿನಿಂದ ನವೆಂಬರಿನವರೆಗೆ ಕಟ್ಟಿದ ಹಲವು ವ್ಯಾಖ್ಯಾನಗಳು ಇದರಿಂದ ತಿದ್ದುಪಡಿಗೆ ಒಳಗಾಗಬೇಕಾಯಿತು.

ಇದರ ಜೊತೆಗೆ ಆಟದ ಕಡತಗಳಲ್ಲಿ ಬಳಕೆಯಾಗದೆ ಉಳಿದ ಸಂಭಾಷಣೆಗಳನ್ನೂ ಕೆಲವರು ಹೊರತೆಗೆದು ಸಾಕ್ಷ್ಯವಾಗಿ ಮಂಡಿಸುತ್ತಾರೆ. ಇವು ಕವಿಯು ಹೊಡೆದುಹಾಕಿದ ಪಂಕ್ತಿಗಳಿದ್ದಂತೆ. ರಚನೆಯ ಇತಿಹಾಸಕ್ಕೆ ಇವುಗಳಿಂದ ಬಹಳ ಉಪಯೋಗವುಂಟು. ಕೈಬಿಟ್ಟದ್ದನ್ನು ಕೃತಿಯ ಅರ್ಥಕ್ಕೆ ಪ್ರಮಾಣವಾಗಿ ಹಿಡಿದರೆ, ಕೈಬಿಡುವ ನಿರ್ಧಾರಕ್ಕೆ ಬೆಲೆಯಿಲ್ಲದಂತಾಗುತ್ತದೆ.

೮. ಸಮಾರೋಪ

ಮೇಲಿನ ಪರಿಶೀಲನೆಯಿಂದ ಇಂತಹ ವ್ಯಾಖ್ಯಾನಗಳನ್ನು ತೂಗಲು ನಾಲ್ಕು ಪ್ರಶ್ನೆಗಳನ್ನು ಸೂಚಿಸಬಹುದು. ಈ ಮಾತನ್ನು ಆಡಿದವರು ಯಾರು, ಅವರಿಗೆ ಅದರಿಂದ ಏನು ಲಾಭ? ಇದು ಯಾವ ಸ್ತರದ್ದು. ಮೂಲದ್ದೋ ಅನುಬಂಧದ್ದೋ ತ್ಯಕ್ತ ಪಾಠದ್ದೋ? ಯಾವ ಭಾಷೆಯ ಪಾಠವನ್ನು ಆಧರಿಸಿದೆ? ಕೃತಿ ಮೌನವಾಗಿರುವ ಕಡೆ ವ್ಯಾಖ್ಯಾನವೂ ತನ್ನ ಮಿತಿಯನ್ನು ಒಪ್ಪಿಕೊಂಡಿದೆಯೆ? ಈ ನಾಲ್ಕನ್ನೂ ದಾಟಿ ನಿಲ್ಲುವ ಅಭಿಮಾನಿ ವ್ಯಾಖ್ಯಾನಗಳು ಕೆಲವಾದರೂ ಇವೆ. ಅವುಗಳ ಕರ್ತೃಗಳು ವಿಶ್ವವಿದ್ಯಾಲಯಗಳ ಹೊರಗಿನವರೆಂಬ ಕಾರಣಕ್ಕೆ ಅವನ್ನು ಕಡೆಗಣಿಸುವುದು ಸರಿಯಲ್ಲ.

ಹೊರನಾಡಿನಲ್ಲಿ ಕನ್ನಡ ಸಂಶೋಧನೆ ನಡೆಸುವವರಿಗೆ ಇಲ್ಲೊಂದು ಅನುಕೂಲವಿದೆ. ಎರಡು ಮೂರು ಭಾಷೆಗಳ ನಡುವೆ ದಿನನಿತ್ಯ ಬದುಕುವವರಿಗೆ ಪಾಠಾಂತರದ ಪ್ರಶ್ನೆ ಪುಸ್ತಕದಿಂದ ಕಲಿಯಬೇಕಾದ ವಿಷಯವಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’ ಮತ್ತು ೧೩೬೯ರ ಭೀಮಕವಿಯ ಕನ್ನಡ ‘ಬಸವಪುರಾಣ’ಗಳನ್ನು ಹ��ದರಾಬಾದಿನ ವಿದ್ಯಾರ್ಥಿಯೊಬ್ಬ ಎದುರುಬದುರು ಇಟ್ಟುಕೊಂಡು ಓದಬಲ್ಲ. ಅದೇ ವಿದ್ಯಾರ್ಥಿ ಬಿಡುವಿನಲ್ಲಿ ಆಡುವ ಆಟದ ಇಂಗ್ಲಿಷ್ ಪಾಠದ ಹಿಂದೆ ಇನ್ನೊಂದು ಪಾಠವಿದೆಯೆಂದು ಊಹಿಸಬಲ್ಲ. ಆತನನ್ನು ಮಧ್ಯಯುಗದ ಆಕರಗಳ ಕಡೆಗೆ ಕರೆತರಲು ಈ ಆಟವೂ ಒಂದು ದಾರಿಯಾಗಬಹುದು. ಅದಕ್ಕಾಗಿ ಅಧ್ಯಾಪಕರು ಆಟವನ್ನು ಆಡಲೇಬೇಕೆಂದಿಲ್ಲ. ಆಲ್ಫ್ರೆಡ್ ಹೇಳಿದ್ದನ್ನು ನೀನು ನಂಬಿದ್ದು ಏಕೆ ಎಂದು ಕೇಳಿದರೆ ಸಾಕು.

ಪರ್ಸೆವಾಲನು ಕೋಟೆಯಲ್ಲಿ ಪ್ರಶ್ನೆಯನ್ನು ಕೇಳಲಿಲ್ಲ. ಕೇನ್‌ಹರ್ಸ್ಟಿನಲ್ಲಿ ಆಟಗಾರನಿಗೆ ಕೇಳುವ ಅವಕಾಶವನ್ನೇ ಆಟ ಕೊಟ್ಟಿಲ್ಲ. ಆತನು ಮಂಡಿಯೂರಬಹುದು, ಹೊಡೆಯಬಹುದು, ಹಿಂದಿರುಗಬಹುದು. ಪ್ರಶ್ನೆ ಕೇಳುವ ಹೊಣೆ ಆಟ ಮುಗಿದ ಮೇಲೆ ವ್ಯಾಖ್ಯಾನಕಾರನ ಪಾಲಿಗೆ ಬರುತ್ತದೆ. ಆ ಹೊಣೆಯನ್ನು ಅರಿತು ನಡೆಸಿದ ವ್ಯಾಖ್ಯಾನವು ಯಾವ ಮಾಧ್ಯಮದಲ್ಲಿ ಬಂದಿದ್ದರೂ ನಮ್ಮ ಅಧ್ಯಯನಕ್ಷೇತ್ರಕ್ಕೆ ಸೇರಿದುದೇ ಆಗಿದೆ.